ಹಳೆ ಮರದ ವಿಮಾನ ಕೊಳ್ಳಲು ಹೊರಟಿದ್ದೀರಾ? ಬಣ್ಣ ಬಿಡಿ, ಅಂಟು ನೋಡಿ

ನಾನು ಮೊದಲ ಸಲ ನಮ್ಮ ವಿಮಾನ ನೋಡಿದಾಗ ಅದರ ರೆಕ್ಕೆ ಮೇಲೆ ಎರಡು ಕೋಳಿ ಕೂತಿದ್ದವು. ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಹಳ್ಳಿ. ಹುಲ್ಲು ಪೇರಿಸಿಡುವ ದೊಡ್ಡ ಕೊಟ್ಟಿಗೆ. ಒಳಗೆ ಟ್ರ್ಯಾಕ್ಟರ್ ಪಕ್ಕ, ಅರ್ಧ ಟಾರ್ಪಾಲು ಹೊದ್ದು ನಿಂತಿತ್ತು ಒಂದು ಪೀಟೆನ್‌ಪೋಲ್ ಏರ್ ಕ್ಯಾಂಪರ್. ಧೂಳು ಒರೆಸಿದರೆ ಕೆಳಗೆ ಕೆಂಪು ಬಣ್ಣ ಫಳಫಳ. ನಾನು, ನನ್ನ ಗೆಳೆಯ ಇಬ್ಬರೂ ಆ ಬಣ್ಣಕ್ಕೇ ಸೋತುಹೋದೆವು. ಚೌಕಾಸಿ ಕೂಡ ಸರಿಯಾಗಿ ಮಾಡಲಿಲ್ಲ.

ಬಣ್ಣದ ಕೆಳಗೆ ಏನಿದೆ ಅಂತ ಗೊತ್ತಾಗಲು ಆಮೇಲೆ ನಾಲ್ಕು ತಿಂಗಳು ಹಿಡಿಯಿತು. ಸರಿ ಮಾಡಲು ಮೂರು ವರ್ಷ. ನಿಮ್ಮದು ಇನ್ನೂ ಬೇಗ ಮುಗಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಿನೆಸೋಟಾದ ಚೆರ್ರಿ ಗ್ರೋವ್ ಅನ್ನೋ ಸಣ್ಣ ಊರಲ್ಲಿ ಬರ್ನಾರ್ಡ್ ಪೀಟೆನ್‌ಪೋಲ್ ಅಂತ ಒಬ್ಬರಿದ್ದರು. ತಾವೇ ನೋಡಿ, ಮಾಡಿ ಕಲಿತವರು. 1929ರಲ್ಲಿ ಮರ, ಪ್ಲೈವುಡ್, ಬಟ್ಟೆಯಲ್ಲಿ ವಿಮಾನ ಕಟ್ಟಿ, ಅದಕ್ಕೆ ಫೋರ್ಡ್ ಮಾಡೆಲ್ ಎ ಕಾರಿನ 40 ಕುದುರೆ ಶಕ್ತಿಯ ಎಂಜಿನ್ ಕೂರಿಸಿ ಹಾರಿಸಿಬಿಟ್ಟರು. ಎರಡು ಸೀಟು, ತಲೆ ಮೇಲೆ ಕೊಡೆ ಹಿಡಿದ ಹಾಗೆ ಒಂದೇ ರೆಕ್ಕೆ, ಗಾಳಿಗೆ ಮುಖ ಒಡ್ಡಿ ಕೂರಬೇಕು. 1932ರಲ್ಲಿ ಅದರ ನಕ್ಷೆ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಜನ ತಮ್ಮ ಗ್ಯಾರೇಜಲ್ಲಿ ಅದನ್ನು ಕಟ್ಟುತ್ತಲೇ ಇದ್ದಾರೆ. ಹಾಗೆ ಕಟ್ಟಿದವರಲ್ಲಿ ಎಷ್ಟೋ ಜನಕ್ಕೆ ಈಗ ವಯಸ್ಸಾಗಿದೆ, ಕೆಲವರು ಇಲ್ಲ. ಅವರ ವಿಮಾನಗಳು ಮಾರಾಟಕ್ಕೆ ಬರುತ್ತವೆ, ಎಷ್ಟೋ ಸಲ ಒಂದು ಹೊಸ ಕಾರಿಗಿಂತ ಕಡಿಮೆ ದುಡ್ಡಿಗೆ.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಮರದ್ದಾ? ಗೆದ್ದಲು ಹಿಡಿಯಲ್ವೇನೋ?" ಅಂದರು. ನಕ್ಕುಬಿಟ್ಟೆ. ಆದರೆ ಕೇಳಬೇಕಾದ ಪ್ರಶ್ನೆ ಅದೇ. ನಮಗೆ ಕಾಟ ಕೊಟ್ಟಿದ್ದು ಗೆದ್ದಲಲ್ಲ, ನೀರು ಮತ್ತು ಇಲಿ. ಅಷ್ಟೇ ವ್ಯತ್ಯಾಸ.

ಮೊದಲು ಕಾಗದ ಪತ್ರ

ವಿಮಾನ ಮುಟ್ಟುವ ಮುಂಚೆ ಕಾಗದ ಕೇಳಿ. ಬಾಲದ ಮೇಲಿನ ಎನ್ ನಂಬರನ್ನು, ಅಂದರೆ ನೋಂದಣಿ ಸಂಖ್ಯೆಯನ್ನು, ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ವೆಬ್‌ಸೈಟಲ್ಲಿ ಹಾಕಿದರೆ ಮಾಲೀಕ ಯಾರು, ರಿಜಿಸ್ಟ್ರೇಶನ್ ಇನ್ನೂ ಜೀವಂತ ಇದೆಯಾ ಅಂತ ಬಿಟ್ಟಿಯಾಗಿ ಗೊತ್ತಾಗುತ್ತದೆ. ಮಾರುವವರ ಹೆಸರೂ ಅಲ್ಲಿರುವ ಹೆಸರೂ ಒಂದೇನಾ ನೋಡಿ. ಅಪ್ಪ ತೀರಿಕೊಂಡ ಮೇಲೆ ಮಗ ಮಾರುತ್ತಿರುತ್ತಾನೆ, ಕಾಗದ ಇನ್ನೂ ಅಪ್ಪನ ಹೆಸರಲ್ಲೇ ಇರುತ್ತದೆ. ನಮ್ಮೂರ ಪಹಣಿ ಕಥೆಯೇ, ಬೇರೆ ಏನಿಲ್ಲ.

ಆಮೇಲೆ ಗುಲಾಬಿ ಬಣ್ಣದ ಒಂದು ಚೀಟಿ ಇರಬೇಕು, ಅದು ಹಾರಾಟದ ಅರ್ಹತಾ ಪತ್ರ. ಅದರ ಜೊತೆಗೆ ಆಪರೇಟಿಂಗ್ ಲಿಮಿಟೇಶನ್ಸ್ ಅಂತ, ಹೇಗೆ ಹಾರಿಸಬಹುದು ಅನ್ನುವ ನಿಯಮಗಳ ಕೆಲವು ಹಾಳೆ. ಜನ ಕಳೆದುಕೊಳ್ಳುವುದು ಈ ಹಾಳೆಗಳನ್ನೇ. ಅವಿಲ್ಲದೆ ಹಾರಿಸುವ ಹಾಗಿಲ್ಲ. ತೂಕ ಮತ್ತು ಸಮತೋಲದ ಲೆಕ್ಕ, ಎಂಜಿನ್ ಮತ್ತು ವಿಮಾನದ ಲಾಗ್ ಬುಕ್ಕು, ಇವೂ ಬೇಕು.

ಇಲ್ಲೊಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪ್ರತಿ 12 ತಿಂಗಳಿಗೊಮ್ಮೆ ತಪಾಸಣೆ ಆಗಿ ಸಹಿ ಬೀಳಬೇಕು. ಕಟ್ಟಿದ ಮನುಷ್ಯ ಅದಕ್ಕೆ ರಿಪೇರ್‌ಮನ್ ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ತನ್ನ ವಿಮಾನಕ್ಕೆ ತಾನೇ ಸಹಿ ಹಾಕಬಹುದು. ಆದರೆ ಆ ಸರ್ಟಿಫಿಕೇಟ್ ವಿಮಾನದ ಜೊತೆ ನಿಮಗೆ ಬರುವುದಿಲ್ಲ. ನೀವು ಎರಡನೇ ಮಾಲೀಕರು. ರಿಪೇರಿ ನೀವೇ ಮಾಡಬಹುದು, ವರ್ಷದ ಸಹಿಗೆ ಮಾತ್ರ ಸಾಮಾನ್ಯವಾಗಿ ಎ ಅಂಡ್ ಪಿ, ಅಂದರೆ ಎಫ್‌ಎಎ ಸರ್ಟಿಫಿಕೇಟ್ ಇರುವ ವಿಮಾನ ಮೆಕ್ಯಾನಿಕ್ ಬೇಕು. ಮರದ ಕೆಲಸ ಗೊತ್ತಿರುವ ಮೆಕ್ಯಾನಿಕ್ ನಿಮ್ಮ ಊರಿನ ಸುತ್ತ ಇದ್ದಾರಾ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ. ನಾವು ವಿಚಾರಿಸಿರಲಿಲ್ಲ. ಹತ್ತಿರದವರು ಒಬ್ಬರು ವಿಮಾನದ ಮೂತಿ ನೋಡಿ, "ನಾನು ಅಲ್ಯೂಮಿನಿಯಂ ಮಾತ್ರ ಮುಟ್ಟೋದು" ಅಂತ ಬಾಗಿಲಲ್ಲೇ ತಿರುಗಿ ಹೋದರು.

ಕೊನೆಗೆ, ಕಟ್ಟುವಾಗ ತೆಗೆದ ಫೋಟೋ, ಮರ ತಂದ ಬಿಲ್ಲು, ಯಾವ ಅಂಟು ಅಂತ ಬರೆದ ನೋಟ್‌ಬುಕ್ಕು ಇದ್ದರೆ ಕೇಳಿ ಇಸ್ಕೊಳ್ಳಿ. ಎಂಜಿನ್ ಬೇರೆ ಸಿಗುತ್ತದೆ. ಆ ನೋಟ್‌ಬುಕ್ಕು ಇನ್ನೊಂದು ಸಿಗುವುದಿಲ್ಲ.

ಮೂಗು, ಕಿವಿ, ಟಾರ್ಚು

ನೋಡಲು ಹೋಗುವಾಗ ಹಳೆ ಬಟ್ಟೆ ಹಾಕಿಕೊಳ್ಳಿ. ಒಳ್ಳೆ ಟಾರ್ಚು, ಸಣ್ಣ ಕನ್ನಡಿ, ಮೊಂಡು ದಬ್ಬಳ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್, ಮರದ ತೇವ ಅಳೆಯುವ ಮೀಟರು, ಫೋನಿಗೆ ಸಿಕ್ಕಿಸುವ ಉದ್ದ ವೈರಿನ ಕ್ಯಾಮೆರಾ. ಇಷ್ಟು ಸಾಕು.

ಮೊದಲು ಮೂಸಿ ನೋಡಿ. ನಗಬೇಡಿ, ನಿಜವಾಗಿ. ಕಾಕ್‌ಪಿಟ್ಟಿನೊಳಗೆ ತಲೆ ಹಾಕಿ ಉಸಿರು ಎಳೆದುಕೊಳ್ಳಿ. ವಾರ್ನಿಷ್, ಪೆಟ್ರೋಲು, ಹಳೆ ಎಣ್ಣೆ ವಾಸನೆ ಬಂದರೆ ಸಂತೋಷ. ಮಳೆಗಾಲದಲ್ಲಿ ಮುಚ್ಚಿಟ್ಟ ಅಟ್ಟದ ಮುಗ್ಗಲು ವಾಸನೆ ಬಂದರೆ ಎಲ್ಲೋ ಮರ ಕೊಳೆಯುತ್ತಿದೆ ಅಂತ ಅರ್ಥ. ಇಲಿ ಉಚ್ಚೆ ವಾಸನೆಯಂತೂ ತಾನಾಗಿಯೇ ಗೊತ್ತಾಗುತ್ತದೆ. ಅದು ಮರವನ್ನೂ ಬಿಡುವುದಿಲ್ಲ, ಲೋಹವನ್ನೂ ಬಿಡುವುದಿಲ್ಲ.

ಆಮೇಲೆ ತಟ್ಟಿ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಕ್ ಅನ್ನುತ್ತದೆ. ಅಂಟು ಬಿಟ್ಟ ಕಡೆ, ಲಡ್ಡು ಹಿಡಿದ ಕಡೆ ಸದ್ದು ಮಂಕಾಗಿ ಡಬ್ ಅನ್ನುತ್ತದೆ.

ನೀರು ಎಲ್ಲಿ ನಿಲ್ಲುತ್ತದೆ ಅಂತ ಯೋಚಿಸಿ ಅಲ್ಲಿಗೇ ಹೋಗಿ. ಈ ವಿಮಾನ ಬಾಲ ನೆಲಕ್ಕೆ ಊರಿ ಕೂರುತ್ತದೆ. ಅಂದಮೇಲೆ ಒಳಗೆ ಬಿದ್ದ ಮಳೆ ನೀರೆಲ್ಲ ಬಾಲದ ಕಡೆಗೇ ಹರಿಯುತ್ತದೆ, ಅಲ್ವಾ? ಹಾಗಾಗಿ ಬಾಲದ ತುದಿಯ ಕಂಬ, ಕೆಳಗಿನ ಎರಡು ಉದ್ದಪಟ್ಟಿಗಳ ಹಿಂಭಾಗ, ಇವೇ ಮೊದಲ ಗಿರಾಕಿಗಳು. ಕಾಕ್‌ಪಿಟ್ ನೆಲದ ಕೆಳಗೆ ನೋಡಿ. ಬ್ಯಾಟರಿ ಇಟ್ಟಿದ್ದರೆ ಅದರ ಕೆಳಗೆ ನೋಡಿ. ರೆಕ್ಕೆಯ ಹಿಂದಿನ ಅಂಚಲ್ಲಿ, ಬಟ್ಟೆಯ ತಗ್ಗು ಜಾಗದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರಬೇಕು. ಬಣ್ಣ ಬಳಿಯುವಾಗ ಅವು ಮುಚ್ಚಿಹೋಗಿದ್ದರೆ ಒಳಗೆ ಕೆರೆ.

ನಮ್ಮದರಲ್ಲಿ ಹೀಗಾಯಿತು. ರೆಕ್ಕೆಗೆ ಆಸರೆ ಕೊಡುವ ಕಂಬಿ, ಅಂದರೆ ಸ್ಟ್ರಟ್, ಸ್ಪಾರಿಗೆ ಸೇರುವ ಜಾಗ. ರೆಕ್ಕೆಯೊಳಗೆ ಉದ್ದಕ್ಕೆ ಓಡುವ ಮುಖ್ಯ ತೊಲೆಗೆ ಸ್ಪಾರ್ ಅನ್ನುತ್ತಾರೆ. ಅಲ್ಲಿ ಬಟ್ಟೆ ಬಿಡಿಸಿ ನೋಡಿದೆವು. ಬೋಲ್ಟಿನ ಸುತ್ತ ಎಂಟಾಣೆ ಅಗಲ ಕಪ್ಪು ಉಂಗುರ. ಕಬ್ಬಿಣ ತುಕ್ಕು ಹಿಡಿದು ಮರಕ್ಕೆ ಇಳಿದಿತ್ತು. ಇಷ್ಟೇನಾ ಅಂದುಕೊಂಡು ಗೆಳೆಯ ದಬ್ಬಳ ಇಟ್ಟ. ಒತ್ತಲೂ ಇಲ್ಲ, ಇಟ್ಟ ಅಷ್ಟೇ. ಮಳೆಗಾಲದ ಬೆಲ್ಲಕ್ಕೆ ಬೆರಳು ಇಟ್ಟ ಹಾಗೆ ಅರ್ಧ ಇಂಚು ಒಳಗೆ ಹೋಯಿತು. ಇಬ್ಬರೂ ಮಾತಾಡಲಿಲ್ಲ. ಆ ಬೋಲ್ಟಿನ ಮೇಲೆ ಆ ರೆಕ್ಕೆ, ಆ ರೆಕ್ಕೆ ಕೆಳಗೆ ನಾವು.

ಕೂದಲೆಳೆಯಷ್ಟು ಗೆರೆ

ಕೊಳೆತದ್ದು ಹೇಗೋ ಸಿಕ್ಕಿಬಿಡುತ್ತದೆ. ಸಿಗದೇ ಇರುವುದು ಒತ್ತಡದ ಬಿರುಕು. ಹಿಂದೆ ಯಾರೋ ಒರಟಾಗಿ ಇಳಿಸಿರುತ್ತಾರೆ, ಅಥವಾ ರೆಕ್ಕೆ ತುದಿ ನೆಲಕ್ಕೆ ಬಡಿದಿರುತ್ತದೆ. ಮರ ತುಂಡಾಗುವುದಿಲ್ಲ. ಒಂದು ಕಡೆಯ ಎಳೆಗಳು ಒಳಗೊಳಗೇ ಅಮುಕಿ ಮಡಿಸಿಕೊಳ್ಳುತ್ತವೆ. ಹೊರಗೆ ಕಾಣುವುದು ಎಳೆಗೆ ಅಡ್ಡಲಾಗಿ ಒಂದು ಸುಕ್ಕು, ಕೂದಲೆಳೆಯಷ್ಟು. ವಾರ್ನಿಷ್ ಗೀಚಿದ ಗುರುತು ಅಂದುಕೊಂಡು ಮುಂದೆ ಹೋಗಿಬಿಡುತ್ತೀರಿ.

ಅದನ್ನು ಹುಡುಕುವ ಬಗೆ ಹೀಗೆ. ಟಾರ್ಚನ್ನು ಮರಕ್ಕೆ ನೇರವಾಗಿ ಹಿಡಿಯಬೇಡಿ. ಸ್ಪಾರಿನ ಮೇಲೆ ಮಲಗಿಸಿ, ಬೆಳಕು ಎಳೆಗುಂಟ ಓಡುವ ಹಾಗೆ ಬಿಡಿ. ಸುಕ್ಕಿದ್ದರೆ ನೆರಳು ಬೀಳುತ್ತದೆ. ಸ್ಟ್ರಟ್ ಸೇರುವ ಕಡೆ, ಪ್ಲೈವುಡ್ ಪಟ್ಟಿ ಮುಗಿಯುವ ಅಂಚಲ್ಲಿ, ನಿಧಾನವಾಗಿ ನೋಡಿ. ಒಂದೇ ಒಂದು ಸಿಕ್ಕಿದರೂ ಆ ಸ್ಪಾರ್ ಮುಗಿದ ಹಾಗೆ. ಅಂಟು ತುಂಬಿಸಿ ಸರಿ ಮಾಡಬಹುದು ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಒಂದೋ ಹೊಸ ಸ್ಪಾರಿನ ಖರ್ಚು, ಒಂದು ವರ್ಷದ ಕೆಲಸ ಎರಡನ್ನೂ ಬೆಲೆಯಲ್ಲಿ ಕಳೆಯಿರಿ, ಇಲ್ಲ ನಮಸ್ಕಾರ ಹೇಳಿ ಮನೆಗೆ ಹೋಗಿ.

ಯಾವ ಅಂಟು?

ಈ ವಿಮಾನವನ್ನು ಒಟ್ಟಾಗಿ ಹಿಡಿದಿರುವುದು ಅಂಟು. ಮೊಳೆಗಳು ಸುಮ್ನೆ, ಅಂಟು ಒಣಗುವವರೆಗೆ ಒತ್ತಿ ಹಿಡಿಯಲು ಅಷ್ಟೇ. ಹಾಗಾಗಿ ಯಾವ ಕಾಲದ ಅಂಟು ಅಂತ ತಿಳಿಯದೆ ದುಡ್ಡು ಕೊಡಬೇಡಿ.

ತುಂಬಾ ಹಳೆಯದಾದರೆ ಕೇಸಿನ್ ಇರಬಹುದು. ಅದು ಹಾಲಿನಿಂದ ತೆಗೆದ ಅಂಟು. ಒಣಗಿದ್ದಷ್ಟು ದಿನ ಗಟ್ಟಿ, ತೇವ ತಗುಲಿದರೆ ಬೂಷ್ಟಿಗೆ ಹಬ್ಬದೂಟ. ಕೇಸಿನ್ ವಿಮಾನ ಅಂತ ಖಾತ್ರಿಯಾದರೆ ನಾನಂತೂ ಎಲ್ಲ ಬಿಚ್ಚುವ ಲೆಕ್ಕದಲ್ಲೇ ಕೊಳ್ಳುತ್ತೇನೆ. ಅಂಟಿನ ಗೆರೆ ಕಡು ಕೆಂಪು ಕಂದು, ಹೆಚ್ಚು ಕಮ್ಮಿ ಕಾಚಿನ ಬಣ್ಣ ಇದ್ದರೆ ರೆಸಾರ್ಸಿನಾಲ್. ನೀರಿಗೂ ಬಿಸಿಲಿಗೂ ಜಗ್ಗದ ಅಂಟು ಅದು. ಆದರೆ ಮರಕ್ಕೆ ಮರ ಸಂದಿಲ್ಲದೆ ಕೂರಬೇಕು, ಬಲವಾಗಿ ಬಿಗಿಯಬೇಕು, ಕೋಣೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಚಳಿಯ ಗ್ಯಾರೇಜಲ್ಲಿ ಹಾಕಿದ್ದರೆ ಬಣ್ಣ ಮಾತ್ರ ಚೆನ್ನಾಗಿರುತ್ತದೆ. ಜೇನಿನ ಬಣ್ಣದ ಗೆರೆ ಇದ್ದರೆ ಬಹುಶಃ ಎಪಾಕ್ಸಿ, ಈಚಿನ ಕಟ್ಟುಗಾರರ ಮೆಚ್ಚಿನ ಟಿ-88 ತರಹದ್ದು.

ಬಣ್ಣ ನೋಡಿ ಊಹಿಸುವುದಕ್ಕಿಂತ ಒಂದು ಕೀಲು ಮುರಿದು ನೋಡುವುದು ಮೇಲು. ಮಾರುವವರ ಒಪ್ಪಿಗೆ ಕೇಳಿ, ಭಾರ ಹೊರದ ಯಾವುದಾದರೂ ಸಣ್ಣ ತುಂಡನ್ನು ಉಳಿಯಿಂದ ಎಬ್ಬಿಸಿ. ಮರ ಹರಿದು, ಅಂಟಿನ ಎರಡೂ ಮುಖದಲ್ಲಿ ನಾರು ಅಂಟಿಕೊಂಡಿದ್ದರೆ ಕಟ್ಟಿದವನ ಕೈ ಒಳ್ಳೆಯದು. ಗಾಜಿನ ಹಾಗೆ ನುಣ್ಣಗೆ, ಚೊಕ್ಕವಾಗಿ ಬಿಟ್ಟುಕೊಂಡರೆ ಆ ಕೀಲು ಯಾವತ್ತೂ ಅಂಟಿರಲೇ ಇಲ್ಲ. ಒಂದು ಹಾಗಿದ್ದರೆ ಉಳಿದವೂ ಹಾಗೆಯೇ ಅಂತ ಇಟ್ಟುಕೊಳ್ಳಿ.

ಬಿಚ್ಚುವುದು

ಕೊಂಡಾಯಿತು, ಮನೆಗೆ ತಂದಾಯಿತು. ಈಗ ಕೈ ಕಡಿಯುತ್ತದೆ, ಎಲ್ಲ ಕಿತ್ತು ಹಾಕೋಣ ಅಂತ. ತಡೆಯಿರಿ. ಮೊದಲು ಫೋಟೋ ತೆಗೆಯಿರಿ, ಪ್ರತಿ ಕೇಬಲ್ಲು, ಪ್ರತಿ ಬೋಲ್ಟು, ವಾಷರ್ ಯಾವ ಕಡೆ ಇತ್ತು ಅನ್ನುವುದು ಸಮೇತ. ಬೋಲ್ಟುಗಳನ್ನು ಸಣ್ಣ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಚೀಟಿ ಬರೆದಿಡಿ. ನಮ್ಮಲ್ಲಿ ಚೀಟಿ ಬರೆಯದ ಒಂದೇ ಒಂದು ಕವರಿತ್ತು, ಅದರ ಒಂಬತ್ತು ಬೋಲ್ಟು ಎಲ್ಲಿಯವು ಅಂತ ತಿಳಿಯಲು ಒಂದು ಶನಿವಾರ ಪೂರ್ತಿ ಹೋಯಿತು.

ಬಟ್ಟೆ ಚೆನ್ನಾಗಿದ್ದರೆ ಪೂರ್ತಿ ಕೀಳಬೇಕಾಗಿಲ್ಲ. ಪ್ಲಾಸ್ಟಿಕ್ ಉಂಗುರ ಅಂಟಿಸಿ, ಅದರೊಳಗಿನ ಬಟ್ಟೆ ಕತ್ತರಿಸಿ, ಕೈ ಹೋಗುವಷ್ಟು ಕಿಂಡಿ ಮಾಡಿ ಒಳಗೆ ನೋಡಬಹುದು, ಆಮೇಲೆ ಮುಚ್ಚಳ ಹಾಕಬಹುದು. ಬಟ್ಟೆ ಚೆನ್ನಾಗಿದೆಯಾ ಅಂತ ತಿಳಿಯಲು ಕತ್ತಲಲ್ಲಿ ರೆಕ್ಕೆ ಒಳಗೊಂದು ಬಲ್ಬು ಇಡಿ. ಬೆಳಕು ಹೊರಗೆ ಕಂಡರೆ ಬಿಸಿಲು ತಡೆಯುವ ಬೆಳ್ಳಿ ಬಣ್ಣದ ಪದರ ಸಾಲದು, ಅಂದರೆ ಬಟ್ಟೆ ಬಿಸಿಲು ತಿಂದಿದೆ. ಅಂದಹಾಗೆ ಈ ಬಟ್ಟೆ ಹೊದಿಕೆ ನಮಗೇನೂ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ 1950ರ ದಶಕದ ಕೊನೆಗೆ ತಯಾರಿಸಿದ ಪುಷ್ಪಕ್‌ಗೂ ಬಟ್ಟೆಯದೇ ಮೈ.

ಮರದ ರಿಪೇರಿ

ಊರಿನವರು ಕೇಳುವ ಪ್ರಶ್ನೆ: ತೇಗ ಯಾಕೆ ಹಾಕಬಾರದು? ತೂಕ. ಒಂದು ಘನ ಅಡಿ ಸಿಟ್ಕಾ ಸ್ಪ್ರೂಸ್ ಸುಮಾರು 27 ಪೌಂಡ್ ತೂಗಿದರೆ ತೇಗ 40ರ ಮೇಲೆ. ಮೇಲಾಗಿ ತೇಗದಲ್ಲಿ ಎಣ್ಣೆ ಅಂಶ ಇದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸಿಟ್ಕಾ ಸ್ಪ್ರೂಸ್ ಬರುವುದು ಅಲಾಸ್ಕಾದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗಿನ ಕರಾವಳಿಯಿಂದ. ಹಗುರ, ತೂಕಕ್ಕೆ ಹೋಲಿಸಿದರೆ ಬಲ ಜಾಸ್ತಿ, ಎಳೆ ನೇರ. ಡಗ್ಲಸ್ ಫರ್ ಕೂಡ ಆಗುತ್ತದೆ, ಅದು ಇನ್ನೂ ಬಲ, ತೂಕವೂ ಜಾಸ್ತಿ. ಮರ ಆರಿಸುವಾಗ ಎಳೆ ಎಷ್ಟು ಓರೆ ಅಂತ ಅಳೆಯಿರಿ. 15 ಇಂಚು ಉದ್ದ ಓಡುವಷ್ಟರಲ್ಲಿ ಎಳೆ ಒಂದು ಇಂಚಿಗಿಂತ ಹೆಚ್ಚು ಓರೆಯಾದರೆ ಆ ಹಲಗೆ ಸ್ಪಾರಿಗೆ ಬೇಡ, ಪುಸ್ತಕದ ಕಪಾಟಿಗೆ ಇಟ್ಟುಕೊಳ್ಳಿ. ತೇವ 8ರಿಂದ 12 ಪರ್ಸೆಂಟ್ ಒಳಗಿರಲಿ.

ಕೆಟ್ಟ ಭಾಗ ಕತ್ತರಿಸಿ ಹೊಸದು ಸೇರಿಸುವಾಗ ತುದಿಗೆ ತುದಿ ಇಟ್ಟು ಅಂಟಿಸಿದರೆ ನಿಲ್ಲುವುದಿಲ್ಲ. ಎರಡೂ ತುದಿಯನ್ನು ಉದ್ದನೆಯ ಓರೆಯಾಗಿ ಕೀಸಿ, ಒಂದರ ಮೇಲೊಂದು ಮಲಗಿಸಬೇಕು. ಇದಕ್ಕೆ ಸ್ಕಾರ್ಫ್ ಕೀಲು ಅಂತಾರೆ. ಲೆಕ್ಕ ಒಂದಕ್ಕೆ ಹನ್ನೆರಡು. ಸ್ಪಾರ್ ಮುಕ್ಕಾಲು ಇಂಚು ದಪ್ಪ ಇದ್ದರೆ ಓರೆ ಒಂಬತ್ತು ಇಂಚು ಉದ್ದ. ಸ್ಟ್ರಟ್ ಅಥವಾ ಬೋಲ್ಟಿನ ಜಾಗದಲ್ಲೇ ಈ ಕೀಲು ಬರಬಾರದು. ನಮ್ಮ ಕಪ್ಪು ಉಂಗುರ ಇದ್ದದ್ದೇ ಅಲ್ಲಿ. ಹಾಗಾಗಿ ನಾವು ಕೀಲು ಹಾಕಲಿಲ್ಲ, ಸ್ಪಾರನ್ನೇ ಬದಲಾಯಿಸಿದೆವು.

ಹಳೆ ಅಂಟಿನ ಮೇಲೆ ಹೊಸ ಅಂಟು ಹಚ್ಚಬೇಡಿ. ಬರಿ ಮರ ಕಾಣುವವರೆಗೆ ತೆಗೆಯಿರಿ. ಹರಿತವಾದ ಕೀಸುಳಿಯಿಂದ ಕೀಸಿದ ಹೊಸ ಮುಖಕ್ಕೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದರೆ ಧೂಳು ಸಂದಿಗಳಲ್ಲಿ ಕೂತು ಹಿಡಿತ ಕಡಿಮೆಯಾಗುತ್ತದೆ. ಟಿ-88 ಆದರೆ ಎರಡು ಭಾಗವನ್ನು ಅಳತೆಯಲ್ಲಿ ಸಮ ಕಲೆಸಬೇಕು, ತಕ್ಕಡಿಯಲ್ಲಿ ಸಮ ಅಲ್ಲ, ಎರಡರ ತೂಕ ಬೇರೆ ಬೇರೆ. ಎಪಾಕ್ಸಿಗೆ ಕ್ಲಾಂಪ್ ಬಿಗಿಯುವಾಗ ಪೈಲ್ವಾನ್‌ಗಿರಿ ಬೇಡ. ಅಂಟೆಲ್ಲ ಹೊರಗೆ ಹಿಂಡಿ ಹೋದರೆ ಒಳಗೆ ಏನೂ ಉಳಿಯುವುದಿಲ್ಲ.

ಪ್ರತಿ ಸಲ ಅಂಟು ಕಲೆಸಿದಾಗ ಅದೇ ಅಂಟಿನಿಂದ ಎರಡು ಚೂರು ಮರ ಅಂಟಿಸಿ, ತಾರೀಕು ಬರೆದು ಬದಿಗಿಡಿ. ಪೂರ್ತಿ ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ಒಡೆಯಿರಿ. ಮರ ಒಡೆಯಬೇಕು, ಅಂಟು ಬಿಡಬಾರದು. ನಮ್ಮ ಎಪ್ಪತ್ತು ಚಿಲ್ಲರೆ ಚೂರುಗಳಲ್ಲಿ ಎರಡು ನುಣ್ಣಗೆ ಬಿಟ್ಟವು. ಎರಡೂ ಜನವರಿಯವು, ಹೀಟರ್ ಕೆಟ್ಟಿದ್ದ ವಾರದವು. ಆ ವಾರ ಅಂಟಿಸಿದ ಮೂರು ರಿಬ್, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ, ಬಿಸಾಕಿ ಮತ್ತೆ ಮಾಡಿದೆವು. ಗೆಳೆಯ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಹೀಟರ್ ರಿಪೇರಿ ನನ್ನ ಜವಾಬ್ದಾರಿಯಾಗಿತ್ತು.

ವಾರ್ನಿಷ್ ಹಚ್ಚುವಾಗ ಮರದ ತುದಿಗಳಿಗೆ ಎರಡು ಮೂರು ಕೈ ಜಾಸ್ತಿ ಹಚ್ಚಿ, ನೀರು ಕುಡಿಯುವುದು ಅಲ್ಲಿಂದಲೇ. ಬೋಲ್ಟಿನ ತೂತುಗಳ ಒಳಗೂ ಹಚ್ಚಿ. ಲೋಹದ ತುಂಡುಗಳ ಬಣ್ಣ ತೆಗೆದು ಬಿರುಕು ನೋಡಿ. ಬೋಲ್ಟು ವಿಮಾನದ್ದೇ ತನ್ನಿ, ಹಾರ್ಡ್‌ವೇರ್ ಅಂಗಡಿಯದ್ದು ಬೇಡ. ಕೇಬಲ್ ಮೇಲೆ ಒಂದು ಬಟ್ಟೆ ಹಿಡಿದು ಎಳೆಯಿರಿ, ಎಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾಡಿದರೆ ಕೈ ಸಿಕ್ಕಿಕೊಳ್ಳುತ್ತದೆ.

ಬಟ್ಟೆ ಮುಚ್ಚುವ ಮುಂಚೆ ಒಬ್ಬ ಅನುಭವಿಗೆ ತೋರಿಸಲೇಬೇಕು. ಮನೆಯಲ್ಲಿ ವಿಮಾನ ಕಟ್ಟುವವರ ಇಎಎ ಸಂಘದಲ್ಲಿ ಟೆಕ್ನಿಕಲ್ ಕೌನ್ಸೆಲರ್ ಅಂತ ಸ್ವಯಂಸೇವಕರಿದ್ದಾರೆ, ಬಂದು ನೋಡಿ ಹೇಳುತ್ತಾರೆ. ನಮಗೆ ಬಂದವರು ಮೂರು ಗಂಟೆ ಏನೂ ಮಾತಾಡದೆ ಕನ್ನಡಿ ಹಿಡಿದು ನೋಡಿ, ಒಂದು ಕೇಬಲ್ ಪ್ಲೈವುಡ್ಡಿಗೆ ಉಜ್ಜುತ್ತಿದ್ದುದನ್ನು ತೋರಿಸಿ ಕಾಫಿ ಕುಡಿದು ಹೋದರು.

ಬಟ್ಟೆ, ಎಂಜಿನ್, ತೂಕ

ಈಗ ಹಾಕುವುದು ಪಾಲಿಯೆಸ್ಟರ್ ಬಟ್ಟೆ. ಅಂಟಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿದರೆ ಬಿಗಿಯುತ್ತದೆ. ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್, ಕೊನೆಗೆ 175ರ ಹತ್ತಿರ. ಇಸ್ತ್ರಿ ಪೆಟ್ಟಿಗೆಯ ಗುಂಡಿ ಮೇಲಿನ ಅಂಕಿ ನಂಬಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ಒಂದೇ ಕಡೆ ಜಾಸ್ತಿ ಬಿಗಿದರೆ ತೆಳು ರಿಬ್ಬುಗಳು ಸೊಟ್ಟಗಾಗುತ್ತವೆ. ಆಮೇಲೆ ಮೇಣ ಸವರಿದ ದಾರದಿಂದ ಪ್ರತಿ ರಿಬ್ಬಿಗೂ ಬಟ್ಟೆ ಹೊಲಿಯಬೇಕು, ಒಬ್ಬರು ಮೇಲೆ, ಒಬ್ಬರು ಕೆಳಗೆ. ಸೂಜಿ ಆಚೆಯಿಂದ ಈಚೆಗೆ ಬರುವಾಗ ಕೈ ಎಲ್ಲಿದೆ ಅಂತ ಹೇಳಿಕೊಳ್ಳುತ್ತಾ ಮಾಡಿ. ಎಪಾಕ್ಸಿ ಅಂಟಿನ ವಿಮಾನಕ್ಕೆ ತಿಳಿ ಬಣ್ಣ ಹಾಕಿ, ಕಡು ಬಣ್ಣ ಬಿಸಿಲಲ್ಲಿ ಕಾದು ಅಂಟನ್ನು ಮೆತ್ತಗೆ ಮಾಡುತ್ತದೆ. ನಮ್ಮ ಚೆಂದದ ಕೆಂಪು ಹಾಗಾಗಿ ಹೋಯಿತು. ಈಗ ಅದು ಮಜ್ಜಿಗೆ ಬಣ್ಣ.

ಎಂಜಿನ್ ಬಗ್ಗೆ ಬರೆಯಹೋದರೆ ಇನ್ನೊಂದು ಲೇಖನವೇ ಆಗುತ್ತದೆ. ಫೋರ್ಡ್ ಎ ಇದ್ದರೆ ಬದಲಾಯಿಸಬೇಡಿ, ಅದರ ಸದ್ದೇ ಚೆಂದ. 65 ಕುದುರೆಯ ಕಾಂಟಿನೆಂಟಲ್ ವಿಮಾನ ಎಂಜಿನ್ ಇದ್ದರೆ ತಲೆನೋವು ಕಡಿಮೆ. ಕೊರ್ವೇರ್ ಕಾರಿನ ಎಂಜಿನ್ನನ್ನು ಪೀಟೆನ್‌ಪೋಲ್ ಅವರೇ 1960ರ ದಶಕದಲ್ಲಿ ಹಾಕಿದ್ದರು. ಹೆಚ್ಚಿನವಕ್ಕೆ ಸ್ಟಾರ್ಟರ್ ಇರುವುದಿಲ್ಲ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಬೇಕು. ಚಕ್ರಕ್ಕೆ ಅಡ್ಡ ಇಡದೆ, ಬಾಲ ಕಟ್ಟದೆ, ಕಾಕ್‌ಪಿಟ್ಟಿನಲ್ಲಿ ತಿಳಿದವರೊಬ್ಬರು ಕೂರದೆ ಯಾವತ್ತೂ ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು, ಬಾಲ ಎತ್ತಿ ಸಮ ಮಾಡಿ ಹೊಸದಾಗಿ ತೂಗಿ. ಹಳೆ ಹಾಳೆಯ ಲೆಕ್ಕ ನಂಬಬೇಡಿ. ಪೀಟೆನ್‌ಪೋಲ್‌ನಲ್ಲಿ ಪೈಲಟ್ ಕೂರುವುದು ಹಿಂದಿನ ಸೀಟಲ್ಲಿ, ಸ್ವಲ್ಪ ದಪ್ಪಗಿದ್ದರೆ ಬಾಲ ಭಾರವಾಗುತ್ತದೆ. ಅದಕ್ಕೆ ಎಷ್ಟೋ ಜನ ರೆಕ್ಕೆಯನ್ನೇ ಕೆಲವು ಇಂಚು ಹಿಂದಕ್ಕೆ ಸರಿಸಿರುತ್ತಾರೆ. ನಮ್ಮ ಲೆಕ್ಕದಲ್ಲಿ ಗೆಳೆಯ ಆರಾಮಾಗಿ ಕೂರಬಹುದು, ನಾನು ಆರು ಕೆಜಿ ಇಳಿಯಬೇಕು ಅಂತ ಬಂತು. ರೆಕ್ಕೆ ಸರಿಸುವುದಕ್ಕಿಂತ ಅನ್ನ ಬಿಡುವುದು ಸುಲಭ ಅಂತ ಅವನ ವಾದ.

ಮೊದಲ ಹಾರಾಟ ನೀವೇ ಮಾಡಬೇಕು ಅಂತ ಹಠ ಬೇಡ. ಬಾಲದ ಚಕ್ರದ ವಿಮಾನದಲ್ಲಿ ಚೆನ್ನಾಗಿ ಪಳಗಿದವರಿಂದ ಮಾಡಿಸಿ. ಅಂಥವರನ್ನು ಹುಡುಕಲು ಜುಲೈನಲ್ಲಿ, ಆಶ್‌ಕಾಶ್ ವಿಮಾನ ಮೇಳಕ್ಕೆ ಮುಂಚೆ, ವಿಸ್ಕಾನ್ಸಿನ್‌ನ ಬ್ರಾಡ್‌ಹೆಡ್‌ಗೆ ಹೋಗಿ. ಪೀಟೆನ್‌ಪೋಲ್ ಮಾಲೀಕರೆಲ್ಲ ಅಲ್ಲಿನ ಹುಲ್ಲು ಮೈದಾನದಲ್ಲಿ ಸೇರುತ್ತಾರೆ. ಏನು ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಹಾರಲು ಶುರುವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮರದ ಪ್ರೊಪೆಲ್ಲರ್ ಬೇಸಿಗೆಯ ತೇವಕ್ಕೆ ಉಬ್ಬುತ್ತದೆ, ಚಳಿಗಾಲದ ಒಣ ಗಾಳಿಗೆ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟು ಸಡಿಲ, ಉಬ್ಬಿದಾಗ ಮರ ನಜ್ಜು. ಬಿಗಿತ ಅಳೆಯುವ ಟಾರ್ಕ್ ವ್ರೆಂಚಲ್ಲಿ ವರ್ಷಕ್ಕೆ ಎರಡು ಸಲವಾದರೂ ನೋಡಲೇಬೇಕು. ನಾವು ಮರೆಯಬಾರದು ಅಂತ ಸಂಕ್ರಾಂತಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿಕೊಂಡಿದ್ದೇವೆ. ರೆಕ್ಕೆ ಬೋಲ್ಟುಗಳನ್ನೂ ಅದೇ ದಿನ ನೋಡಿಬಿಡಿ, ಹೇಗೂ ಕೈಗೆ ಗ್ರೀಸ್ ಆಗಿರುತ್ತದೆ.